ಪಡಸಾಲೆಯ ಫ್ಯಾನು ಮತ್ತು ಮನಿಪಟ್ಟಿ

ಮನೆಯಿಂದ ಹೊರಡುವ ಹೊತ್ತಿಗೆ ಯಾರಾದರೂ ಒಂದೇ ಒಂದು ಸೀನು ಸೀನಿದರೆ ನಮ್ಮ ಕಡೆ ಜನ ಚಪ್ಪಲಿ ಕಳಚಿ ಒಳಗೆ ಬಂದು, ಗುಟುಕು ನೀರು ಕುಡಿದು, ಆಮೇಲೆ ಹೊರಡುತ್ತಾರೆ. ಎರಡು ಸೀನಾದರೆ ಅಡ್ಡಿಯಿಲ್ಲ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವವನು ಶಕುನ ನೋಡುತ್ತ ಕೂತರೆ ಸಂಜೆಯೊಳಗೆ ಸುದ್ದಿ ಕಳಿಸಲಾಗುವುದಿಲ್ಲ. ಆದರೂ ಸೀನಿನ ಸದ್ದು ಕೇಳಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಔಷಧದ ಅಂಗಡಿಯಲ್ಲಿ ನನ್ನ ಹಿಂದೆ ನಿಂತವರೊಬ್ಬರು ಮೇಲಿಂದ ಮೇಲೆ ಸೀನಿದರು. ಅಂಗಡಿಯವನು ಅವರಿಗೆ ಗುಳಿಗೆ ಕೊಟ್ಟ. ನನಗೆ ಮಾತ್ರ ಬ್ಯಾಡಗಿಯ ನಮ್ಮ ಮನೆಯ ಪಡಸಾಲೆ, ಅದರ ಫ್ಯಾನು, ಪುರಸಭೆಯ ಟೇಪು ಎಲ್ಲ ಕಣ್ಣ ಮುಂದೆ ಬಂದು, ಕೊಂಡ ಔಷಧವನ್ನು ಅಲ್ಲಿಯೇ ಬಿಟ್ಟು ಬಂದೆ.

ಹೇಳುತ್ತಿರುವುದು ಹಾವೇರಿ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬದಿದ್ದ ಕಾಲದ ಮಾತು. ನಾನು ಹಾವೇರಿಯಲ್ಲಿ ಬಾಡಿಗೆ ಖೋಲಿಯಲ್ಲಿದ್ದುಕೊಂಡು ಒಂದು ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ಬ್ಯಾಡಗಿಯ ಮನೆ ಅಜ್ಜ ಕಟ್ಟಿಸಿದ್ದು. ಅಜ್ಜನ ನಂತರ ಅದು ಅಪ್ಪ ಮತ್ತು ಈರಣ್ಣ ಕಾಕಾ ಇಬ್ಬರ ಜಂಟಿ ಹೆಸರಿನಲ್ಲಿತ್ತು. ಕಾಕಾ ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟು ಅಲ್ಲಿಯೇ ಮನೆ ಮಾಡಿದ್ದ. ಅವ್ವ ನಾನು ಕಾಲೇಜಿನಲ್ಲಿದ್ದಾಗಲೇ ಹೋಗಿದ್ದಳು. ಹಾಗಾಗಿ ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವಳು ಗಿರಿಜತ್ತಿ ಒಬ್ಬಳೇ. ಅಪ್ಪನಿಗೆ ತಂಗಿ, ಕಾಕಾನಿಗೆ ಅಕ್ಕ. ಮದುವೆಯಾಗಿ ಹಲಗೇರಿಗೆ ಹೋಗಿ, ಗಂಡ ಸತ್ತು, ಅರಿಶಿನದ ಸೀರೆ ಮಾಸುವ ಮೊದಲೇ ತವರಿಗೆ ತಿರುಗಿ ಬಂದವಳು.

ಉಳಿದಳು ಅಂದೆ. ನೀವು ಮೂಲೆಯಲ್ಲಿ ಮಣಿ ಎಣಿಸುತ್ತ ಕೂತ ಹೆಂಗಸನ್ನು ಕಲ್ಪಿಸಿಕೊಳ್ಳಬೇಡಿ. ಮೆಣಸಿನಕಾಯಿ ಸುಗ್ಗಿ ಶುರುವಾದರೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ವ್ಯಾಪಾರಸ್ಥರು ಕಳಿಸಿದ ಚೀಲಗಳು ಒಂದು ಗೋಡೆಗೆ. ಓಣಿಯ ಹೆಂಗಸರು ಇನ್ನೊಂದು ಗೋಡೆಗೆ. ಮೆಣಸಿನಕಾಯಿಯ ತೊಟ್ಟಿಗೆ ನಾವು ತುಂಬು ಅನ್ನುತ್ತೇವೆ. ಆ ತುಂಬು ಬಿಡಿಸುವುದು ಅವರ ಕೆಲಸ. ಅವರನ್ನು ಬಿಡದೆ ಮಾತನಾಡಿಸುವುದು ಅತ್ತಿಯ ಕೆಲಸ. ನಡುವೆ ಒಂದು ಹಿತ್ತಾಳೆ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ. ಕೈ ಉರಿಯದಿರಲೆಂದು ಎಲ್ಲರೂ ಅಂಗೈಗೆ ಹಚ್ಚಿಕೊಂಡು ಕೂರುತ್ತಿದ್ದರು. ಯಾರಾದರೂ ಹೊರಗಿನವರು ಬಂದು ಕೆಮ್ಮತೊಡಗಿದರೆ ಅತ್ತಿ ಅದೇ ಬಟ್ಟಲನ್ನು ಅವರ ಮುಂದೆ ಹಿಡಿದು, ಮೂಗಿಗೆ ಹಚ್ಚಿಕೊಳ್ಳಿರೆಂದು ಹೇಳುತ್ತಿದ್ದಳು.

ಆ ಪಡಸಾಲೆಗೆ ಒಂದೇ ಕಟ್ಟಳೆ: ಸುಗ್ಗಿಯಲ್ಲಿ ಫ್ಯಾನು ಹಾಕಬಾರದು. ಎಂಥ ಬಿಸಿಲಿದ್ದರೂ ಹಾಕಬಾರದು. ಮೆಣಸಿನಕಾಯಿಯ ಪುಡಿ ಮೇಲೇರಿ ಫ್ಯಾನಿನ ರೆಕ್ಕೆಗಳ ಮೇಲೆ ಕೂತಿರುತ್ತದೆ. ಯುಗಾದಿಗೆ ಒಮ್ಮೆ, ಮುಖಕ್ಕೆ ಒದ್ದೆ ಅರಿವೆ ಕಟ್ಟಿಕೊಂಡು ಅತ್ತಿ ಅದನ್ನು ಒರೆಸುವಳು. ಅಲ್ಲಿಯವರೆಗೆ ಆ ಫ್ಯಾನು ನಮ್ಮ ಮನೆಯ ತಲೆಯ ಮೇಲೆ ತೂಗುವ ಒಂದು ಗುಂಡು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎಲ್ಲೋ ಓದಿಕೊಂಡು ಬರುವವರಿದ್ದಾರೆ. ಅವರನ್ನು ಆ ಫ್ಯಾನಿನ ಕೆಳಗೆ ಕೂರಿಸಬೇಕು.

ಮೆಣಸಿನಕಾಯಿಗೆ ನಾವು ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಪುರಸಭೆಗೆ. ಚಿಕ್ಕಂದಿನಲ್ಲಿ ಒಮ್ಮೆ ನಮ್ಮ ಎದುರಿನ ಮನೆಗೆ ಜಪ್ತಿ ಬಂದಿತ್ತು. ಮನಿಪಟ್ಟಿ, ಎಂದರೆ ಮನೆಯ ತೆರಿಗೆ, ಹಲವು ವರ್ಷ ಕಟ್ಟಿರಲಿಲ್ಲವಂತೆ. ಹಲಗೆ ಬಾರಿಸುವವನು ಮುಂದೆ, ಅವರ ಮನೆಯ ತಾಮ್ರದ ಹಂಡೆಯನ್ನು ಹೊತ್ತ ಜವಾನ ಹಿಂದೆ. ಹಂಡೆಯ ತಳದ ಮಸಿ ಅವನ ಬಿಳಿ ಅಂಗಿಗೆ ಹತ್ತಿತ್ತು. ಆ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ಅಳಲೂ ಇಲ್ಲ, ಬಯ್ಯಲೂ ಇಲ್ಲ; ಹಂಡೆ ಹೋದ ದಿಕ್ಕನ್ನೇ ನೋಡುತ್ತಿದ್ದಳು. ನಮ್ಮದೂ ಬಾಕಿ ಇತ್ತೋ ಇಲ್ಲವೋ ಗೊತ್ತಿಲ್ಲ. ಹಲಗೆಯ ಸದ್ದು ಕೇಳಿದ್ದೇ ಗಿರಿಜತ್ತಿ ನಮ್ಮ ಹಂಡೆಯನ್ನು ಬಚ್ಚಲಿಂದ ಎತ್ತಿ ತಂದು ಮೆಣಸಿನಕಾಯಿ ರಾಶಿಯಲ್ಲಿ ಹುಗಿದಳು. ‘ಬರಲಿ ಈಗ, ಕೈ ಹಾಕಿ ತಗೊಂಡು ಹೋಗಲಿ’ ಎಂದಳು. ಯಾರೂ ಬರಲಿಲ್ಲ. ಮರುದಿನ ಅದೇ ಹಂಡೆಯಲ್ಲಿ ನೀರು ಕಾಸಿ ಮನೆಯವರೆಲ್ಲ ಸ್ನಾನ ಮಾಡಿದೆವು. ಅಪ್ಪ ಬಚ್ಚಲಿಂದ ಒದ್ದೆ ಮೈಯಲ್ಲಿ ಹಿತ್ತಿಲಿಗೆ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಹಲಗೆಯ ಸದ್ದು ನನ್ನೊಳಗೆ ಎಲ್ಲೋ ಕೂತುಬಿಟ್ಟಿತ್ತೆಂದು ಕಾಣುತ್ತದೆ. ಅಪ್ಪನ ಹೆಸರು ತೆಗೆದು ನನ್ನ ಹೆಸರು ಹಚ್ಚಿಸಲು, ಎಂದರೆ ವಾರಸಾ ಮಾಡಿಸಲು, ಪುರಸಭೆಗೆ ಅರ್ಜಿ ಕೊಟ್ಟ ದಿನ ಗುಮಾಸ್ತರು ತಣ್ಣಗೆ ಹೇಳಿದರು: ‘ನಿಮ್ಮ ಮನಿ ಪಟ್ಟಿ ಹಳೇ ಕಾಲದ್ದೈತ್ರಿ. ಹೆಸರು ಬದಲಾಗೂ ಮುಂಚೆ ಹೊಸದಾಗಿ ಅಳೀಬೇಕು. ವಾಸಕ್ಕೆಷ್ಟು, ವ್ಯಾಪಾರಕ್ಕೆಷ್ಟು ನೋಡಬೇಕು. ಸಾಹೇಬ್ರು ಬರ್ತಾರ.’

ವ್ಯಾಪಾರಕ್ಕೆಷ್ಟು ಎಂಬ ಮಾತು ಕೇಳಿ ಹೆದರಿದೆ. ಕಾರಣವಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ, ಬ್ಯಾಡಗಿ ಪೇಟೆಯ ಸುತ್ತ ವಾಸದ ಮನೆಗಳೆಂದು ತೆರಿಗೆ ಕಟ್ಟಿ ಒಳಗೆ ಗೋದಾಮು ನಡೆಸುತ್ತಾರೆಂದು ಒಂದು ಸುದ್ದಿ ಬಂದಿತ್ತು. ಮೂರು ಕಾಲಮ್ಮು, ಒಳ್ಳೆಯ ಜಾಗದಲ್ಲಿ. ಹೊಸ ಪದ್ಧತಿಯಲ್ಲಿ ಮನೆಯ ಅಳತೆಯನ್ನು ಮಾಲೀಕರೇ ಘೋಷಿಸಿಕೊಳ್ಳುವುದರಿಂದ ಹೀಗಾಗುತ್ತಿದೆ, ಸ್ಥಳಕ್ಕೆ ಹೋಗಿ ನೋಡುವವರಿಲ್ಲ ಎಂದು ಅದರಲ್ಲಿ ವಿವರವಾಗಿ ಬರೆದಿತ್ತು. ಬರೆದವನು ನಾನೇ. ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಮ್ಮ ಪಡಸಾಲೆಯೂ ಆ ಸುದ್ದಿಯೊಳಗೇ ಬರುತ್ತದೆ ಎಂಬುದು, ನಂಬಿದರೆ ನಂಬಿ, ಬರೆಯುವಾಗ ಹೊಳೆದಿರಲಿಲ್ಲ. ಅದು ನಮಗೆ ಪಡಸಾಲೆ. ಗೋದಾಮು ಎಂದರೆ ಬೇರೆಯವರದ್ದು.

ರಾಣೇಬೆನ್ನೂರಿಗೆ ಫೋನು ಮಾಡಿ ಹೇಳಿದೆ. ಕಾಕಾ, ‘ನೋಡಪಾ ಮಲ್ಲೇಶಿ, ಪಡಸಾಲೀನ ಗೋದಾಮು ಅಂತ ಬರಕೊಂಡ್ರ ಪಟ್ಟಿ ಎಲ್ಲಿಂದೆಲ್ಲಿಗೋ ಹೋಗತೈತಿ. ಹಂಗೇನರ ಆದ್ರ ನಾ ಆ ಮನಿ ಇಟ್ಕೊಳ್ಳಾವಲ್ಲ. ವಾಟ್ನಿ ಮಾಡಿ ಮಾರಿಬಿಡೂಣು’ ಅಂದ.

‘ಅತ್ತಿ?’

‘ಅಕ್ಕ ನಮ್ಮ ಮನಿಗೆ ಬರ್ತಾಳ. ಮ್ಯಾಲಿನ ಖೋಲಿ ಖಾಲಿ ಐತಿ.’

ವಾಟ್ನಿ ಎಂದರೆ ಪಾಲು. ಆ ಮೇಲಿನ ಖೋಲಿಯನ್ನು ನಾನು ನೋಡಿದ್ದೆ. ಅಲ್ಲಿ ಬೀಜದ ಖಾಲಿ ಡಬ್ಬಿಗಳಿದ್ದವು, ಒಂದು ಕಿಟಕಿಯಿತ್ತು. ಗಿರಿಜತ್ತಿಯನ್ನು ಆ ಕಿಟಕಿಯ ಪಕ್ಕ ಕೂರಿಸಿ ನೋಡಿದೆ. ಕೂರಲಿಲ್ಲ. ಮನಸ್ಸಿನೊಳಗೆ ಕೂಡ ಅವಳು ಎದ್ದು ಎದ್ದು ಹೋಗುತ್ತಿದ್ದಳು.

ಸಾಹೇಬರು ಬರುವ ದಿನ ಗೊತ್ತಾಯಿತು. ನಾನು ಹಾವೇರಿಯಿಂದ ಬಸ್ಸು ಹಿಡಿದು ಮೋಟೆಬೆನ್ನೂರಿನ ಹತ್ತಿರ ಇಳಿದು, ಟೆಂಪೋ ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಕಾಕಾ ಬಂದು ಅರ್ಧ ಕೆಲಸ ಮುಗಿಸಿದ್ದ. ಚೀಲಗಳನ್ನೆಲ್ಲ ಪಕ್ಕದ ಮನೆಯ ದನದ ಕೊಟ್ಟಿಗೆಗೆ ಸಾಗಿಸಿದ್ದರು. ತುಂಬು ಬಿಡಿಸುವ ಹೆಂಗಸರಿಗೆ ರಜೆ. ಶಾಬಾದಿ ಕಲ್ಲಿನ ನೆಲವನ್ನು ತಿಕ್ಕಿ ತೊಳೆದಿದ್ದರು. ನಾನು ಚೀಲ ಹೊರಲಿಲ್ಲ. ಹೊರಬೇಡಿ ಎಂದೂ ಹೇಳಲಿಲ್ಲ. ವರದಿಗಾರರು ಸಾಮಾನ್ಯವಾಗಿ ಹೀಗೆಯೇ ನಿಂತಿರುತ್ತಾರೆ.

ಮೆಣಸಿನಕಾಯಿ ಹೋದ ಮೇಲೆ ಪಡಸಾಲೆ ಬಟಾಬಯಲಾಗಿ ಕಂಡಿತು. ಜನ ವಾಸವಿರುವ ಹಾಗೆ ಕಾಣುತ್ತಿಲ್ಲ ಎಂದು ಕಾಕಾನಿಗೆ ಗಾಬರಿ. ಆಚೆ ಮನೆಯಿಂದ ಎರಡು ಕುರ್ಚಿ ತಂದ. ಗೋಡೆಗೆ ಕ್ಯಾಲೆಂಡರು ತೂಗುಹಾಕಿದ. ಸಾಲದೆಂದು ಎಲ್ಲಿಂದಲೋ ಒಂದು ತೊಟ್ಟಿಲು ಹೊತ್ತು ತಂದು ನಡುವೆ ಇಟ್ಟ.

ಅತ್ತಿ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದಳು. ‘ಏನೋ ಈರ್ಯಾ ಇದು? ಯಾರಿಗೆ ಹಡ್ಯಾಕ ಹಚ್ಚೀದಿ, ನನಗೇನು?’

‘ಸುಮ್ಮನಿರ ಅಕ್ಕಾ. ತೊಟ್ಟಿಲ ಇದ್ರ ಗೋದಾಮು ಅನ್ನಾಕ ಬರೂದಿಲ್ಲ.’

‘ವಾಸನಿ ಬರತೈತೇನು, ನೋಡ್ರಿ’ ಎಂದೆ ನಾನು. ಮೂವರೂ ಮೂಗು ಎತ್ತಿ ಗಾಳಿ ಎಳೆದೆವು. ಏನೂ ಇಲ್ಲ. ತೊಳೆದ ಕಲ್ಲಿನ ತಂಪು ವಾಸನೆಯಷ್ಟೆ. ‘ಏನೂ ಇಲ್ಲ ಬಿಡು’ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು. ಮೆಣಸಿನಕಾಯಿಯ ಘಾಟಿನಲ್ಲೇ ಉಸಿರಾಡಿ ಬೆಳೆದ ಮೂರು ಮೂಗುಗಳು ಕೊಟ್ಟ ಸರ್ಟಿಫಿಕೇಟು ಅದು.

ಸಾಹೇಬರು ಕುಮಟಾ ಕಡೆಯವರು, ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ತೆಳ್ಳಗಿನ, ಮೆಲ್ಲಗಿನ ಮನುಷ್ಯ. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಮೊದಲು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನಾನು ಅದನ್ನು ಗಮನಿಸಿದೆ. ಬಿಸಿಲಿನಿಂದ ಬಂದಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ.

‘ಬರ್ರಿ ಸಾಹೇಬ್ರ, ಕುಂದರ್ರಿ’ ಎಂದು ಕಾಕಾ ಉಪಚರಿಸಿದ. ಅತ್ತಿ ಚಹಾ ಮಾಡಲು ಒಳಗೆ ಹೋದಳು. ಸಾಹೇಬರ ಹಣೆಯ ಬೆವರು ನೋಡಿ ಕಾಕಾ ನಾಲ್ಕು ಹೆಜ್ಜೆ ನಡೆದು ಗೋಡೆಯ ಮೇಲಿನ ಗುಂಡಿ ಒತ್ತಿದ. ಇಪ್ಪತ್ತು ವರ್ಷ ರಾಣೇಬೆನ್ನೂರಿನಲ್ಲಿದ್ದು ಅವನಿಗೆ ಮನೆಯ ಕಟ್ಟಳೆ ಮರೆತುಹೋಗಿತ್ತು. ‘ಕರೆಂಟು ಹೋಗೇತಿ ನೋಡ್ರಿ’ ಎಂದು ನಕ್ಕು, ಗುಂಡಿಯನ್ನು ಹಾಗೆಯೇ ಬಿಟ್ಟು ಬಂದು ಕೂತ.

ನಾನು ಎದ್ದು ಹೋಗಿ ಗುಂಡಿ ಆರಿಸಬೇಕು, ಅಷ್ಟೆ. ಏಳುವಷ್ಟರಲ್ಲಿ ಸಾಹೇಬರು ಚೀಲದಿಂದ ಟೇಪು ತೆಗೆದು ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು. ‘ಇದನ್ನು ಗೋಡೆಗೆ ಒತ್ತಿ ಹಿಡಿಯಿರಿ. ಅಲುಗಾಡಬೇಡಿ, ಅಳತೆ ತಪ್ಪುತ್ತದೆ’ ಎಂದರು. ನಾನು ಆಚೆ ಗೋಡೆಯಲ್ಲಿ. ಗುಂಡಿ ಈಚೆ ಗೋಡೆಯಲ್ಲಿ. ನಡುವೆ ತೊಟ್ಟಿಲು, ಮೇಲೆ ಫ್ಯಾನು. ಕಾಕಾನಿಗೆ ಕಣ್ಸನ್ನೆ ಮಾಡಿದೆ. ಅವನು ಅದನ್ನು ಎಲ್ಲ ಸರಿಯಾಗಿದೆ ಎಂದು ತಿಳಿದು ನನಗೇ ತಿರುಗಿ ಕಣ್ಸನ್ನೆ ಮಾಡಿದ.

ಬಾಂಬು ಸಿಡಿಯುವ ಮುಂಚಿನ ನಿಶ್ಶಬ್ದದ ಬಗ್ಗೆ ಸುದ್ದಿಗಳಲ್ಲಿ ಓದಿದ್ದೇನೆ. ನಮ್ಮ ಪಡಸಾಲೆಯಲ್ಲಿ ನಿಶ್ಶಬ್ದವಿರಲಿಲ್ಲ. ಸಾಹೇಬರು ಮಾತಾಡುತ್ತಿದ್ದರು. ‘ನೀವು ಪತ್ರಿಕೆಯವರಲ್ಲವಾ? ಗೋದಾಮುಗಳ ಬಗ್ಗೆ ಬಂದಿತ್ತಲ್ಲ, ನೀವೇ ಬರೆದದ್ದಾ? ಚೆನ್ನಾಗಿತ್ತು. ಅದನ್ನು ಓದಿದ ಮೇಲೆಯೇ ಮೇಲಿನವರು ನಮ್ಮನ್ನು ಮನೆಮನೆಗೆ ಕಳಿಸುತ್ತಿದ್ದಾರೆ.’ ಆಮೇಲೆ ತೊಟ್ಟಿಲನ್ನು ನೋಡಿ, ‘ಮಗು ಎಲ್ಲಿ?’ ಎಂದರು.

‘ಸಾಲಿಗೆ ಹೋಗೇತ್ರಿ’ ಎಂದ ಕಾಕಾ.

ಸಾಹೇಬರು ತೊಟ್ಟಿಲಿನ ಉದ್ದವನ್ನೂ ಕಾಕಾನ ಮುಖವನ್ನೂ ನೋಡಿದರು. ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಬಂತು.

ಫ್ಯಾನು ಮೊದಲು ಒಂದು ಸಲ ನರಳಿತು. ನಿಧಾನವಾಗಿ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಕೆಂಪು ಧೂಳು ಇಳಿಯುವುದು ನನಗೆ ಸ್ಪಷ್ಟವಾಗಿ ಕಾಣಿಸಿತು. ಸಾಹೇಬರು ಸೀನತೊಡಗಿದರು. ಎಷ್ಟು ಸೀನಿದರೆಂದು, ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸದ ನಾನು ಕೂಡ ಎಣಿಸಲಿಲ್ಲ. ಅವರ ಕೈಯಿಂದ ಟೇಪು ಜಾರಿ ಸರ್ರನೆ ನನ್ನ ಕಡೆಗೆ ಬಂದು ತೊಟ್ಟಿಲಿಗೆ ಬಡಿಯಿತು. ಯಾರೂ ಇಲ್ಲದ ತೊಟ್ಟಿಲು ತೂಗತೊಡಗಿತು.

ಅತ್ತಿ ಒಳಗಿನಿಂದ ಓಡಿ ಬಂದು ಮೊದಲು ಗುಂಡಿ ಆರಿಸಿದಳು. ‘ಯಾವ ಹುಚ್ಚ ಹಾಕಿದ್ದೋ ಇದನ್ನ!’ ಎಂದು ತಮ್ಮನನ್ನೊಮ್ಮೆ ನೋಡಿ, ಎಣ್ಣೆಯ ಬಟ್ಟಲು ತಂದು ಸಾಹೇಬರ ಮುಂದೆ ಹಿಡಿದಳು. ‘ಮೂಗಿಗೆ ಹಚ್ಚಿಕೊಳ್ರಿ. ಕಣ್ಣು ತಿಕ್ಕಬ್ಯಾಡ್ರಿ, ಇನ್ನೂ ಉರೀತಾವ.’

ಸಾಹೇಬರು ಹೇಳಿದಂತೆ ಮಾಡಿದರು. ಸುಧಾರಿಸಿಕೊಂಡ ಮೇಲೂ ಅವರಿಗೆ ಸಿಟ್ಟು ಬರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. ನೀರು ತುಂಬಿದ ಕಣ್ಣುಗಳಿಂದ ನನ್ನನ್ನೇ ನೋಡಿ, ‘ನೀವೇ ಬರೆದವರು. ನೀವೇ ಹೇಳಿ. ಇಲ್ಲಿ ಮೆಣಸಿನಕಾಯಿ ಇಡುತ್ತೀರಾ, ಇಲ್ಲವಾ?’ ಎಂದರು.

ಇಲ್ಲ ಎಂದರೆ ನನ್ನ ಮೂರು ಕಾಲಮ್ಮು ಸುಳ್ಳಾಗುತ್ತಿತ್ತು. ಹೌದು ಎಂದರೆ ಗಿರಿಜತ್ತಿ ಬೀಜದ ಡಬ್ಬಿಗಳ ಖೋಲಿಗೆ ಹೋಗುತ್ತಿದ್ದಳು. ಟೇಪಿನ ತುದಿಯನ್ನು ನಾನಿನ್ನೂ ಗೋಡೆಗೆ ಒತ್ತಿಯೇ ಹಿಡಿದಿದ್ದೆ.

‘ಅವಗೇನು ಕೇಳ್ತೀರಿ?’ ಎಂದಳು ಅತ್ತಿ. ‘ಅವ ಹಾವೇರ್ಯಾಗಿರ್ತಾನ. ಇವ ರಾಣೇಬೆನ್ನೂರಾಗಿರ್ತಾನ. ಈ ಮನ್ಯಾಗ ಇರಾಕಿ ನಾನು, ನನ್ನ ಕೇಳ್ರಿ. ಇಡ್ತೇನಿ. ಇಲ್ಲೇ ಹೆಣ್ಮಕ್ಕಳು ಕುಂತು ತುಂಬು ಬಿಡಸ್ತಾರ. ಚೀಲ ಬಾಜೂ ಮನಿ ಕೊಟಗ್ಯಾಗ ಅದಾವು, ಬೇಕಾದ್ರ ಹೋಗಿ ನೋಡ್ರಿ. ಮೂಗಿಗೆ ಮತ್ತೀಟು ಎಣ್ಣಿ ಹಚಿಗೊಂಡು ಹೋಗ್ರಿ.’

ಸಾಹೇಬರು ಕೊಟ್ಟಿಗೆಗೆ ಹೋಗಲಿಲ್ಲ. ನನ್ನಿಂದ ಟೇಪಿನ ತುದಿ ಇಸಿದುಕೊಂಡು, ಅಳತೆ ಮುಗಿಸಿ, ಚಹಾ ಕುಡಿದು, ಪಡಸಾಲೆಯಷ್ಟನ್ನೇ ವ್ಯಾಪಾರಕ್ಕೆಂದೂ ಉಳಿದದ್ದನ್ನು ವಾಸಕ್ಕೆಂದೂ ಬರೆದುಕೊಂಡು ಎದ್ದರು. ಬಾಗಿಲಲ್ಲಿ ಮತ್ತೊಮ್ಮೆ ಸೀನಿ, ‘ಕ್ಷಮಿಸಿ’ ಎಂದು ಹೋದರು. ಕ್ಷಮೆ ಯಾತಕ್ಕೆಂದು ನನಗೆ ಈಗಲೂ ತಿಳಿದಿಲ್ಲ.

ಅವರ ಮೋಟಾರು ಸೈಕಲ್ಲಿನ ಸದ್ದು ದೂರವಾಗುವ ಮೊದಲೇ ಕಾಕಾ ಕುರ್ಚಿಯಿಂದ ಎದ್ದ. ಅವನು ಕೂಗಾಡಬಹುದೆಂದು ಕಾಯುತ್ತಿದ್ದೆ. ಅವನು ಕೂಗಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಹಿಮ್ಮಡಿ ಹಚ್ಚಿ ನಿಂತು, ಹೆಜ್ಜೆಗೆ ಹೆಜ್ಜೆ ಕೂಡಿಸಿ ಇಡುತ್ತ ಆಚೆ ಗೋಡೆಯ ಕಡೆ ನಡೆಯತೊಡಗಿದ. ನಡುವೆ ಒಂದು ಕಡೆ ನಿಂತು ತಲೆ ಎತ್ತಿ ಜಂತಿ ನೋಡಿದ. ಅವನು ಏನು ಮಾಡುತ್ತಿದ್ದಾನೆಂದು ನನಗೆ ಗೊತ್ತಾಯಿತು. ನಡುಗೋಡೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ಇನ್ನೂ ನಾಚಿಕೆಯ ಮಾತೆಂದರೆ, ನನ್ನ ಕಣ್ಣೂ ಅವನ ಕಾಲಿನ ಜೊತೆಗೇ ನಡೆಯುತ್ತಿತ್ತು. ಕಿಟಕಿ ಯಾರ ಕಡೆಗೆ ಬರುತ್ತದೆ?

ಚಹಾದ ಬಸಿ ಎತ್ತುತ್ತಿದ್ದ ಅತ್ತಿ ಅಲ್ಲಿಯೇ ನಿಂತಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

‘ಈರಣ್ಣಾ, ಅವ ಅಳೆದ, ಹೋದ. ಅವ ಎಷ್ಟರ ಅಳೀಲಿ. ನೀವು ಅಳೀಬ್ಯಾಡ್ರೋ ಯಪ್ಪಾ.’

ಕಾಕಾನ ಹೆಜ್ಜೆ ನಿಂತಿತು. ಎಷ್ಟಕ್ಕೆ ಬಂದಿದ್ದನೋ ಅದೂ ಮರೆತುಹೋಯಿತೆಂದು ಕಾಣುತ್ತದೆ. ಗಕ್ಕನೆ ತೊಟ್ಟಿಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ‘ಇದನ್ನ ಕೊಟ್ಟು ಬರ್ತೇನಿ’ ಎಂದು ಹೊರಗೆ ಹೋದ. ತಿರುಗಿ ಬಂದವನು ವಾಟ್ನಿಯ ಮಾತು ಎತ್ತಲಿಲ್ಲ. ‘ಪಡಸಾಲಿ ಪಟ್ಟಿ ನಾ ತುಂಬತೇನಿ’ ಎಂದಳು ಅತ್ತಿ. ಅವನು ರಾಣೇಬೆನ್ನೂರಿನ ಬಸ್ಸಿಗೆ ಹೊತ್ತಾಯಿತೆಂದ. ಕೆಲವು ವಾರಗಳ ನಂತರ ಉತಾರದಲ್ಲಿ, ಎಂದರೆ ಪುರಸಭೆಯ ಮನೆ ದಾಖಲೆಯಲ್ಲಿ, ಅಪ್ಪನ ಹೆಸರಿದ್ದ ಕಡೆ ನನ್ನ ಹೆಸರು ಬಂತು. ಮನೆ ಮೊದಲಿನಂತೆ ಜಂಟಿಯಾಗಿ ಉಳಿಯಿತು. ಸದ್ಯಕ್ಕೆ ಎಂಬ ಪದವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಔಷಧದ ಅಂಗಡಿಯಿಂದ ಓಡಿ ಬರುತ್ತಿರಲಿಲ್ಲ.

ಮುಂದಿನ ಸುಗ್ಗಿ. ಚುನಾವಣೆ, ಅದು ಇದು ಎಂದು ಬಹಳ ದಿನ ಬ್ಯಾಡಗಿಗೆ ಹೋಗಿರಲಿಲ್ಲ. ಹೋದೆ. ಪಡಸಾಲೆ ಮೊದಲಿನಂತೆಯೇ ಕೆಂಪಗೆ ತುಂಬಿತ್ತು. ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅತ್ತಿ ಯಾರದೋ ಸೊಸೆಯ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಫ್ಯಾನು ಆರಿತ್ತು. ನಾನು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟೆ, ಸೀನಿದೆ.

ನಗು ನಿಂತಿತು. ಆ ಮನೆಯಲ್ಲಿ ಹುಟ್ಟಿದವರು ಯಾರೂ ಅಲ್ಲಿ ಸೀನಿದ್ದಿಲ್ಲ. ಫಕ್ಕೀರವ್ವ ಎಂಬ ಮುದುಕಿ, ನನ್ನನ್ನು ಎತ್ತಿ ಆಡಿಸಿದವಳು, ‘ಅಯ್ಯ, ನಮ್ಮ ಮಲ್ಲೇಶಿ ಸಾಹೇಬ ಆಗ್ಯಾನಲ್ಲೇ’ ಎಂದಳು. ಒಂದಿಬ್ಬರು ನಕ್ಕರು. ಅತ್ತಿ ನಗಲಿಲ್ಲ. ಅವಳ ಬೆರಳಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೆಯೇ ಇತ್ತು.

‘ಕಾಕಾ ಏನರ ಅಂದನೇನು?’ ಎಂದು ಕೇಳಿದಳು.

‘ಇಲ್ಲತ್ತಿ. ಸುಮ್ಮನ ಬಂದೇನಿ.’

ಅವಳು ಎದ್ದು ಬಂದು ಎಣ್ಣೆಯ ಬಟ್ಟಲನ್ನು ನನ್ನ ಮುಂದೆ ಹಿಡಿದಳು. ಆ ದಿನ ಸಾಹೇಬರ ಮುಂದೆ ಹಿಡಿದಂತೆಯೇ, ಅಷ್ಟೇ ಎತ್ತರಕ್ಕೆ, ಅಷ್ಟೇ ಮರ್ಯಾದೆಯಿಂದ. ಅವಳ ಕಣ್ಣು ನನ್ನ ಮುಖವನ್ನು ಬಿಟ್ಟು ಕೈಗಳ ಕಡೆ ಹೋಯಿತು. ಟೇಪು ತಂದಿದ್ದೇನೋ ಎಂದು ನೋಡಿದಳೇ? ಇರಲಿಕ್ಕಿಲ್ಲ. ನಾನು ಪತ್ರಿಕೆಯವನೆಂದು ಊರಲ್ಲಿ ಯಾರೂ ಹೆದರಿದ್ದಿಲ್ಲ; ಹೆದರಲೆಂದು ಒಳಗೊಳಗೇ ನನಗೆ ಆಸೆಯಿತ್ತು ಕೂಡ. ಮೊದಲ ಬಾರಿಗೆ ಒಬ್ಬರು ನನಗೆ ಹೆದರಿದ್ದರು, ಅವಳು ನನ್ನ ಅತ್ತಿ. ಎದುರಿನ ಮನೆಯ ಬಾಗಿಲಲ್ಲಿ ನಿಂತು ಹಂಡೆ ಹೋದ ದಿಕ್ಕು ನೋಡುತ್ತಿದ್ದವಳ ಮುಖ ನೆನಪಾಯಿತು. ಹಲಗೆ ಬಾರಿಸುತ್ತ ಬಂದವನು ಈ ಸಲ ನಾನೇ ಆಗಿದ್ದೆ.

ಬಟ್ಟಲಲ್ಲಿ ಬೆರಳು ಅದ್ದಿದೆ. ಮೂಗಿಗೆ ಹಚ್ಚಲಿಲ್ಲ. ಎರಡೂ ಅಂಗೈಗೆ ತಿಕ್ಕಿಕೊಂಡು, ಫಕ್ಕೀರವ್ವನ ಪಕ್ಕ ಜಾಗ ಮಾಡಿಕೊಂಡು ಕೂತು, ಒಂದು ಕಾಯಿ ಎತ್ತಿಕೊಂಡೆ. ಎರಡನೆಯ ಸೀನು ಮೂಗಿನ ತುದಿಗೆ ಬಂದು ನಿಂತಿತ್ತು. ಒಂಟಿ ಸೀನು ಒಳ್ಳೆಯದಲ್ಲ, ಇನ್ನೊಂದು ಸೀನಿಬಿಡಬೇಕೆಂದು ಚಿಕ್ಕಂದಿನಲ್ಲಿ ಹೇಳಿಕೊಟ್ಟವಳು ಅತ್ತಿಯೇ. ಆದರೂ ಕಣ್ಣಲ್ಲಿ ನೀರು ಬರುವವರೆಗೆ ತಡೆದು ಹಿಡಿದೆ. ಅತ್ತಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ, ‘ಹಂಗಲ್ಲೋ ಮಂಗ್ಯಾ, ಕಾಯಿ ಮುರದೀ, ಬೀಜ ಚೆಲ್ಲಾಕತ್ತಾವು’ ಎಂದು ಬೈದು ತನ್ನ ಜಾಗಕ್ಕೆ ಹೋದಳು. ಸೊಸೆಯ ಕಥೆ ನಿಂತಲ್ಲಿಂದ ಮತ್ತೆ ಶುರುವಾಯಿತು.

ಈಗಲೂ ಬ್ಯಾಡಗಿಗೆ ಹೋದರೆ ನೇರ ಮನೆಗೆ ಹೋಗುವುದಿಲ್ಲ. ಪೇಟೆಯ ಅಂಚಿನಲ್ಲಿ, ಘಾಟು ಶುರುವಾಗುವ ಕಡೆ ಒಂದು ಬೇವಿನ ಮರವಿದೆ. ಅದರ ಕೆಳಗೆ ನಿಂತು ಇದ್ದಬದ್ದ ಸೀನನ್ನೆಲ್ಲ ಸೀನಿ ಮುಗಿಸಿ, ಮುಖ ಒರೆಸಿಕೊಂಡು, ಆಮೇಲೆ ಓಣಿಗೆ ಹೊರಳುತ್ತೇನೆ. ಎಲ್ಲವೂ ಹೊರಗೇ ಮುಗಿದಿದೆ ಎಂಬ ಧೈರ್ಯದಿಂದ ಹೊಸ್ತಿಲು ದಾಟುತ್ತೇನೆ. ಅತ್ತಿ ‘ಬಾರೋ’ ಎನ್ನುತ್ತಾಳೆ. ಎನ್ನುವ ಮೊದಲು ಒಂದು ಕ್ಷಣ ನನ್ನ ಮೂಗನ್ನು ನೋಡುತ್ತಾಳೆ.